ಹಸಿವಿಗೆಷ್ಟು ಹೆಸರು

ಬಂಗಾರಪೇಟೆಯಲ್ಲಿ ಪಾನಿಪುರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಇಂಗ್ಲಿಷ್ ಕಲಿಯುವುದು ಅಂದರೆ ಹುಡುಗಾಟವಲ್ಲ. ಕೆಳಗಿನಿಂದ ಹಸಿಮೆಣಸಿನಕಾಯಿ ಘಾಟು ಮೆಟ್ಟಿಲು ಹತ್ತಿ ಬರುತ್ತದೆ, ಬಾಯಲ್ಲಿ ನೀರೂರುತ್ತದೆ, ಆಮೇಲೆ ಮೇಷ್ಟ್ರು ಏನು ಹೇಳಿದರೋ ಆ ದೇವರಿಗೇ ಗೊತ್ತು. ಬೈರೇಶ್ ಮೇಷ್ಟ್ರಿಗೆ ಅಂಥ ಸಂಜೆಯೇ ಸಿಗಬೇಕಿತ್ತಾ, ಹಸಿವಿಗೂ ದುರಾಸೆಗೂ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆ ಅಂತ ಪಾಠ ಮಾಡೋಕೆ! ಬ್ಯಾಂಕ್ ಪರೀಕ್ಷೆಯಲ್ಲಿ ಕೇಳುತ್ತಾರಂತೆ.

"ಹಂಗ್ರಿ ಅಂದ್ರೆ ಹೊಟ್ಟೆ ಕೇಳೋದು," ಅಂದ ಬೈರೇಶ್, ಬೋರ್ಡಿಗೆ ಬೆನ್ನು ಕೊಟ್ಟು ನಿಂತು. "ರಾವನಸ್ ಅಂದ್ರೆ ಹೊಟ್ಟೆ ಕಿರುಚೋದು. ಗ್ರೀಡಿ ಅಂದ್ರೆ ಹೊಟ್ಟೆ ತುಂಬಿದ ಮೇಲೂ ಕೈ ಚಾಚೋದು. ಕವಟಸ್ ಅಂದ್ರೆ ಪಕ್ಕದೋರ ತಟ್ಟೆ ಮೇಲೆ ಕಣ್ಣು. ಎಕ್ಸಾಂಪಲ್ ಕೊಡ್ಲಾ? ನಮ್ಮ ಕಡೆಯ ಇಲ್ಲಟಂ ಅಳಿಯ! ಹೆಣ್ಣಿನ ಮುಖ ನೋಡಲ್ಲ, ಮಾವನ ಜಮೀನು ನೋಡಿ ತಾಳಿ ಕಟ್ತಾನೆ. ಇನ್ನು ಅಂಥೋನನ್ನ ಹುಡುಕಿ ತಂದು ಮನೆ ತುಂಬಿಸ್ಕೊಳ್ಳೋರು ಇದ್ದಾರಲ್ಲ, ಮಗಳನ್ನೇ ಗಾಳಕ್ಕೆ ಸಿಕ್ಕಿಸೋರು, ಅವರಿಗೆ ಇಂಗ್ಲಿಷಲ್ಲೂ ಪದ ಇಲ್ಲ."

ಕ್ಲಾಸೆಲ್ಲ ಘೊಳ್ಳೆಂದಿತು. ಕಿಟಕಿ ಪಕ್ಕದ ಬೆಂಚಿನಲ್ಲಿದ್ದ ಮುನಿಲಕ್ಷ್ಮಿ ಮಾತ್ರ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದಳು, ಬ್ಯಾಗು ಹೆಗಲಿಗೇರಿಸಿದಳು, ಎದ್ದು ಹೊರಟಳು.

"ಎಲ್ಲಿಗೆ ಮುನಿಲಕ್ಷ್ಮಿ ಅವರೇ? ಇನ್ನೂ ಅರ್ಧ ಗಂಟೆ ಇದೆ."

"ನಮ್ಮಪ್ಪ ಗಾಳ ಹಾಕ್ಕೊಂಡು ಕೂತಿದ್ದಾರೆ ಸಾರ್. ಎರೆಹುಳ ಲೇಟಾಗಿ ಹೋದ್ರೆ ಬೈತಾರೆ."

ಬೈರೇಶನ ಕೈಯಲ್ಲಿದ್ದ ಚಾಕ್‌ಪೀಸು ಹಾಗೇ ನಿಂತಿತು. ಅವಳು ಮೆಟ್ಟಿಲಿಳಿದು ಹೋಗುವ ಸದ್ದು ಕೊನೆಯವರೆಗೂ ಕೇಳಿಸಿತು. ಮುನಿಲಕ್ಷ್ಮಿಯ ಗೆಳತಿ ಮೀನಾ, ಕೆಜಿಎಫ್‌ನ ಉರಿಗಾಂ ಹುಡುಗಿ, ತಮಿಳು ಮನೆಯವಳು, ಹಣೆ ಚಚ್ಚಿಕೊಂಡಳು.

"ಅಯ್ಯಯ್ಯೋ, ಏನ್ ಸಾರ್ ನೀವು! ಮೂರು ಹೆಣ್ಣುಮಕ್ಕಳಲ್ಲಿ ಅವಳೇ ಕೊನೇದು. ಅವಳಿಗೇ ಸಾರ್ ಇಲ್ಲಟಂ ನೋಡ್ತಾ ಇರೋದು."

ಆವತ್ತು ಉಳಿದರ್ಧ ಗಂಟೆ ಬೈರೇಶ್ ಏನು ಪಾಠ ಮಾಡಿದನೋ ಅವನಿಗೇ ನೆನಪಿಲ್ಲ.

ಇಲ್ಲಟಂ ಅನ್ನುವುದು ಗಡಿಯಾಚೆಯ ತೆಲುಗಿನಿಂದ ಬಂದ ಮಾತು. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ಹೊರಗೆ ಕಳಿಸುವುದಿಲ್ಲ. ಅಳಿಯನೇ ತನ್ನ ಮನೆ ಬಿಟ್ಟು ಬಂದು ಈ ಮನೆಯ ಮಗನಾಗಿ ಉಳಿಯುತ್ತಾನೆ, ಜಮೀನು ನೋಡಿಕೊಳ್ಳುತ್ತಾನೆ. ಮುನಿಲಕ್ಷ್ಮಿಯ ಅಪ್ಪ ಬೇತಮಂಗಲದ ಸುಬ್ಬರಾಯಪ್ಪನವರು ದೊಡ್ಡ ಮಗಳನ್ನು ಕೊಟ್ಟರು, ನಡುವಿನವಳನ್ನೂ ಕೊಟ್ಟರು. ಕಾರು ಹತ್ತುವಾಗ ಇಬ್ಬರೂ ತಂಗಿಯ ಕೈ ಹಿಡಿದು ಅತ್ತು ಹೇಳಿದ್ದು ಒಂದೇ ಮಾತು: "ನೀನಿದೀಯಲ್ಲ ಬಿಡು, ಅಪ್ಪ ಅಮ್ಮಂಗೆ." ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಮುನಿಲಕ್ಷ್ಮಿ ತಲೆಯಾಡಿಸಿದ್ದಳು. ಬೇರೇನು ಮಾಡುತ್ತಾಳೆ ಪಾಪ?

ಮನೆಯ ಮಾಳಿಗೆ ಹತ್ತಿದರೆ ಬೇತಮಂಗಲದ ಕೆರೆ ಕಾಣುತ್ತದೆ. ಆ ಕೆರೆಯ ನೀರು ಕೂಡ ಪೈಪಿನಲ್ಲಿ ಊರು ಬಿಟ್ಟು ಕೆಜಿಎಫ್‌ಗೆ ಹೋಗುತ್ತದೆ. ತಾನು ಮಾತ್ರ ಈ ಕಾಂಪೌಂಡಿನೊಳಗೇ ಮುದುಕಿಯಾಗಬೇಕು ಅಂತ ಅವಳಿಗೆ ಬಟ್ಟೆ ಒಣಗಹಾಕುವಾಗೆಲ್ಲ ಅನಿಸುತ್ತಿತ್ತು. ಅನಿಸಿದ ಮರುಗಳಿಗೆಯೇ ಕೆಳಗಿನಿಂದ ಅಪ್ಪ, "ಅಮ್ಮಣ್ಣೀ, ಬಿಸ್ಲಲ್ಲಿ ನಿಂತ್ಕೋಬೇಡ, ತಲೆ ನೋಯ್ತದೆ," ಅನ್ನುತ್ತಿದ್ದರು. ಬೈಯುವ ಅಪ್ಪನಾಗಿದ್ದರೆ ಎಷ್ಟೋ ವಾಸಿಯಿತ್ತು. ಪ್ರೀತಿ ಮಾಡುವವರ ಮನೆಯಿಂದ ತಪ್ಪಿಸಿಕೊಳ್ಳುವುದು ಹೇಗೆ, ಹೇಳಿ?

ಇನ್ನು ಬರುವ ಗಂಡುಗಳೋ! ಉಪ್ಪಿಟ್ಟು ತಿನ್ನುತ್ತಾ ಮೊದಲು ಕೇಳುವ ಪ್ರಶ್ನೆ, "ಬೋರಲ್ಲಿ ಎಷ್ಟು ಇಂಚು ನೀರು?" ಆಮೇಲೆ ಟೊಮ್ಯಾಟೊ ತೋಟ ನೋಡಲು ಹೋಗುತ್ತಾರೆ, ಆಮೇಲೆ ಹಸುಗಳ ಹತ್ತಿರ. ಕೊನೆಗೆ ಕಾಫಿ ಲೋಟ ಹಿಡಿದು ನಿಂತವಳ ಕಡೆ ಒಂದು ಕಣ್ಣು ಹಾಯಿಸಿ, "ಓದಿದಾಳಾ?" ಅನ್ನುತ್ತಾರೆ. ಹಸುವಿನ ಹಲ್ಲಾದರೂ ಎಣಿಸಿ ನೋಡಿದ್ದರು, ಇವಳ ಹೆಸರು ಕೂಡ ಕೇಳಲಿಲ್ಲ.

ಎರಡು ದಿನ ಅವಳು ಕ್ಲಾಸಿಗೆ ಹೋಗಲಿಲ್ಲ. ಮೂರನೇ ದಿನ ಮೀನಾ ಫೋನ್ ಮಾಡಿ, "ಬಾ ಡೀ, ಸಾರ್ ಮುಖ ನೋಡೋಕಾಗ್ತಿಲ್ಲ, ಸುಟ್ಟ ಹಪ್ಪಳ ಆಗೋಗಿದಾರೆ," ಅಂದಳು. ಆ ಮುಖ ನೋಡುವ ಆಸೆಗೇ ಮುನಿಲಕ್ಷ್ಮಿ ಬಸ್ಸು ಹತ್ತಿದಳು. ಇಳಿದು ನೋಡಿದರೆ ಬೈರೇಶ್ ಪಾನಿಪುರಿ ಅಂಗಡಿಯ ಮುಂದೆಯೇ ನಿಂತಿದ್ದ, ಶರ್ಟಿನ ತೋಳು ಮಡಚುತ್ತಾ, ಬಿಚ್ಚುತ್ತಾ.

"ಸಾರಿ ಕೇಳ್ಬೇಕಿತ್ತು," ಅಂದ.

"ಕನ್ನಡದಲ್ಲಾ, ಇಂಗ್ಲಿಷಲ್ಲಾ?"

"ಪಾನಿಪುರಿಯಲ್ಲಿ."

ನಗಬಾರದು ಅಂತ ತುಟಿ ಕಚ್ಚಿದಳು. ಬಂಗಾರಪೇಟೆಯ ಪಾನಿಗೆ ಬಣ್ಣವಿಲ್ಲ. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಮೊದಲನೆಯದು ನುಂಗುವಷ್ಟರಲ್ಲಿ ಅವಳ ಮೂಗು ಕೆಂಪಾಯಿತು. ಅವನು ಕರ್ಚೀಫು ತೆಗೆದ, ಕೊಡುವುದೋ ಬೇಡವೋ ಅಂತ ಅರ್ಧ ದಾರಿಯಲ್ಲೇ ಕೈ ನಿಲ್ಲಿಸಿದ. ಅವಳೇ ಕಿತ್ತುಕೊಂಡಳು.

"ನಿಮ್ಮ ಪದಗಳು ವೇಸ್ಟ್ ಆಗಿಲ್ಲ ಸಾರ್," ಅಂದಳು ಮೂಗೊರೆಸುತ್ತಾ. "ಎಲ್ಲಾ ಗಂಡುಗಳಿಗೂ ಒಂದೊಂದು ಇಟ್ಟಿದೀನಿ. ಮುಳಬಾಗಿಲಿಂದ ಬಂದೋನು ಗ್ಲಟನಸ್. ಒಬ್ಬಟ್ಟು ತಿಂದು ತಿಂದು ಬೆಲ್ಟು ಬಿಚ್ಚಿದ. ಅವನ ಅಪ್ಪ ರಪೇಶಸ್, ಹೊರಡೋವಾಗ ನಮ್ಮ ಅಂಗಳದ ನುಗ್ಗೆಕಾಯಿನೂ ಕಿತ್ಕೊಂಡೋದ್ರು. ಇನ್ನೊಬ್ಬ ನಮ್ಮ ಟ್ರ್ಯಾಕ್ಟರ್ ಪಕ್ಕ ನಿಂತು ಫೋಟೊ ತೆಗೆಸ್ಕೊಂಡ. ಕವಟಸ್ ಅವನೇ ಅಲ್ವಾ?"

ಬೈರೇಶನಿಗೆ ನಗು ಬಂದು, ಪಾನಿ ನೆತ್ತಿಗೇರಿ, ಕೆಮ್ಮು ಹತ್ತಿತು. ಅವಳು ಕರ್ಚೀಫು ವಾಪಸು ಕೊಟ್ಟಳು. ಅದರಲ್ಲಿ ಅವಳ ಕಾಡಿಗೆಯ ಒಂದು ಗೆರೆಯಿತ್ತು. ಅವನು ಅದನ್ನು ನೋಡಿದ, ಆ ಮೂಲೆ ಬಿಟ್ಟು ಇನ್ನೊಂದು ಮೂಲೆಯಲ್ಲಿ ಬಾಯೊರೆಸಿಕೊಂಡು, ಮಡಚಿ ಜೇಬಿಗಿಟ್ಟ. ಅವನು ಹಾಗೆ ಮಡಚಿದ್ದನ್ನು ಅವಳೂ ನೋಡಿದಳು.

ಅಲ್ಲಿಂದ ಶುರುವಾಯಿತು ನೋಡಿ. ಬೈರೇಶ್ ಉರಿಗಾಂನವನು. ದಿನಾ ಮಾರಿಕುಪ್ಪಂ ಟ್ರೈನಿನಲ್ಲಿ ಮನೆಗೆ ಹೋಗುತ್ತಿದ್ದವನು ಈಗ ಕೆಜಿಎಫ್ ಮೇಲೆ ಬೇತಮಂಗಲಕ್ಕೆ ಹೋಗುವ ಅವಳ ಬಸ್ಸು ಹತ್ತತೊಡಗಿದ. "ಟ್ರೈನ್ ಪಾಸ್ ಇಟ್ಕೊಂಡು ಬಸ್ಸಿಗೆ ಬರ್ತೀರಲ್ಲ, ಬುದ್ಧಿ ನೆಟ್ಟಗಿದೆಯಾ?" ಅಂದಳು. "ಟ್ರೈನಲ್ಲಿ ಸೀಟ್ ಸಿಗಲ್ಲ," ಅಂದ, ಬಸ್ಸಿನ ಕಂಬಿ ಹಿಡಿದು ಜೋತಾಡುತ್ತಾ. ಅವಳ ಪಕ್ಕದ ಸೀಟಿನಲ್ಲಿ ಯಾವಾಗಲೂ ಯಾರಾದರೂ ಅಜ್ಜಿಯೇ ಕೂತಿರುತ್ತಿದ್ದಳು. ಆ ಅಜ್ಜಿಯರ ತಲೆಯ ಮೇಲಿಂದಲೇ ಇಬ್ಬರ ಮಾತು ಓಡಾಡುತ್ತಿತ್ತು.

"ಸಾರ್, ಹೊಟ್ಟೆಗಲ್ಲದ ಹಸಿವಿಗೆ ಏನಂತಾರೆ?"

"ಕ್ರೇವಿಂಗ್ ಅಂತಾರೆ."

"ಅದು ನಾಲಿಗೆದು. ನಾಲಿಗೆಗೂ ಅಲ್ಲದ್ದು."

ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. "ಯರ್ನಿಂಗ್."

"ಅದು ಪರೀಕ್ಷೆಗೆ ಬರುತ್ತಾ?"

"ಪರೀಕ್ಷೆಗೆ ಬರಲ್ಲ," ಅಂದ ಮೆಲ್ಲಗೆ. "ಹಾಗೇ ಬರುತ್ತೆ."

ನಡುವೆ ಕೂತಿದ್ದ ಅಜ್ಜಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನಿಮ್ ಇಂಗ್ಲೀಸು ನಂಗೂ ಅರ್ತ ಆಗ್ತದೆ ಬುಡಿ," ಅಂದಳು. ಮುನಿಲಕ್ಷ್ಮಿಯ ಮುಖ ಕಿವಿಯವರೆಗೂ ಕೆಂಪೇರಿತು. ಆವತ್ತಿನಿಂದ ಅವನು ಅವಳನ್ನು ಲಕ್ಷ್ಮಿ ಅಂದ. ಅವಳು ಸಾರ್ ಅನ್ನುವುದನ್ನು ಬಿಡಲಿಲ್ಲ, ಆದರೆ ಅನ್ನುವ ಧಾಟಿ ಬೇರೆಯಾಗಿತ್ತು.

ಆಷಾಢ ಮುಗಿಯುತ್ತಿದ್ದ ಹಾಗೇ ಕಾಮಸಮುದ್ರದ ಅಂಬರೀಶ್ ಬಂದ. ಒಳ್ಳೆ ಮೈಕಟ್ಟು, ಒಳ್ಳೆ ಮಾತು. ಬೋರ್ ನೋಡಿದ, ತಲೆದೂಗಿದ. ಕಾಂಪೌಂಡನ್ನು ಹೆಜ್ಜೆ ಹಾಕಿ ಅಳೆದ. "ಇಲ್ಲಟಂಗೆ ನಾನ್ ರೆಡಿ ಮಾವ," ಅಂದ, ಇನ್ನೂ ಹೆಣ್ಣು ಒಳಗಿಂದ ಬಂದೇ ಇರಲಿಲ್ಲ! ಸುಬ್ಬರಾಯಪ್ಪನವರ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದಂತೆ ಕಂಡಿತು. ಅಮ್ಮ ಸುಬ್ಬಲಕ್ಷ್ಮಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಶ್ರಾವಣದಲ್ಲಿ ತಾಂಬೂಲ ಬದಲಾಯಿಸಿಕೊಳ್ಳುವುದು ಅಂತಾಯಿತು. ಅಪ್ಪನ ಆ ನಗುಮುಖ ನೋಡಿ ಮುನಿಲಕ್ಷ್ಮಿ ಬೇಡ ಅನ್ನಲಾರದೆ ಖಾಲಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಅವಳು ನೇರ ಉರಿಗಾಂ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಫೋನ್ ಮಾಡಿದ ಕೂಡಲೇ ಬೈರೇಶ್ ಓಡಿ ಬಂದ. ಪ್ಲಾಟ್‌ಫಾರಂನಲ್ಲಿ ಒಂದು ನಾಯಿ ಬಿಟ್ಟರೆ ಯಾರಿಲ್ಲ. ದೂರದಲ್ಲಿ ಗಣಿಯ ಮಣ್ಣಿನ ಬೋಳು ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು.

"ನೀವು ಬಂದು ಕೇಳಿ ಸಾರ್," ಅಂದಳು, ಸುತ್ತು ಬಳಸದೆ. "ನಮ್ಮನೆಗೆ ಬರ್ತೀನಿ ಅನ್ನಿ. ಅಪ್ಪ ಒಪ್ತಾರೆ."

"ನನ್ನಪ್ಪ ಇಲ್ಲಟಂ ಹೋದೋನು, ಲಕ್ಷ್ಮಿ."

ಅವಳು ತಿರುಗಿ ನೋಡಿದಳು.

"ಕಾಮಸಮುದ್ರದ ಹತ್ರ ಒಂದು ಹಳ್ಳಿ. ಎತ್ತಿನ ಹಾಗೆ ದುಡಿದ. ಊಟಕ್ಕೆ ಕೂತರೆ ಎಲ್ಲರಿಗೂ ಎರಡನೇ ಸಲ ಬಡಿಸೋರು, ಅಪ್ಪನ ತಟ್ಟೆ ಹತ್ರ ಬಂದಾಗ ಸೌಟು ಮುಂದಕ್ಕೆ ಹೋಗೋದು. ಜಮೀನಿಗೆ ಬಂದೋನು ಅಂತ ಊರೆಲ್ಲ ಆಡಿಕೊಳ್ಳೋರು. ಅಮ್ಮ ತೀರ್ಕೊಂಡ ವರ್ಷಾನೇ ನಮ್ಮಿಬ್ಬರನ್ನೂ ಆಚೆ ಹಾಕಿದ್ರು. ಇಲ್ಲಿ ಬಂದು ಗಾರೆ ಕೆಲಸ ಮಾಡಿ ನನ್ನ ಓದಿಸ್ದ. ಹೆಣ್ಣು ಕೊಟ್ಟೋರ ಮನೆ ಅನ್ನ ನಾನು ಮುಟ್ಟಲ್ಲ ಅಂತ ಆಗಲೇ ಅಪ್ಪನ ಹೆಸರಲ್ಲಿ ಆಣೆ ಮಾಡಿದೀನಿ. ಅದೂ ಅಲ್ಲದೆ ಅಪ್ಪನ್ನ ಇಲ್ಲಿ ಬಿಟ್ಟು ಬರ್ಲಾ?" ಅವನ ದನಿ ಒಡೆಯಿತು. "ನೀನು ಬಂದ್ಬಿಡು ನನ್ನ ಜೊತೆ."

"ಅಪ್ಪನ್ನ ಬಿಟ್ಟು ಓಡಿ ಬರ್ಲಾ?" ಅವಳ ಕಣ್ಣು ತುಂಬಿತು. "ನಿಮ್ಮಪ್ಪನ್ನ ನೀವು ಬಿಡಲ್ಲ. ನಮ್ಮಪ್ಪನ್ನ ನಾನು ಬಿಡ್ಬೇಕಾ? ನಿಮಗೆ ಮಾನ ಇದೆ, ನಮ್ಮಪ್ಪನಿಗೆ ಮನೆ ಇದೆ. ಮಧ್ಯದಲ್ಲಿ ನಾನೆಲ್ಲಿದೀನಿ ಸಾರ್?"

ಟ್ರೈನು ಬಂತು, ಹೋಯಿತು. ಅವಳು ಎದ್ದು ಬಸ್‌ಸ್ಟಾಪಿನ ಕಡೆ ನಡೆದಳು. ಅವನು ಕರೆಯುತ್ತಾನೆ ಅಂತ ತಿರುವಿನವರೆಗೂ ಕಾದಳು. ಕರೆಯಲಿಲ್ಲ.

ತಾಂಬೂಲ ಸೋಮವಾರ ಅಂತ ನಿಶ್ಚಯವಾಯಿತು. ಅದರ ಹಿಂದಿನ ಶನಿವಾರ ಶ್ರಾವಣ ಶನಿವಾರ. ನಮ್ಮ ಕಡೆ ಆವತ್ತು ತಿರುಪತಿ ತಿಮ್ಮಪ್ಪನ ಒಕ್ಕಲಿನವರೆಲ್ಲ ಒಪ್ಪೊತ್ತು ಇರುತ್ತಾರೆ, ಅಂದರೆ ಸಂಜೆಯವರೆಗೂ ಉಪವಾಸ. ಅಷ್ಟೇ ಅಲ್ಲ, ಎಷ್ಟೇ ಇದ್ದವನಾದರೂ ಆವತ್ತು ಹಣೆಗೆ ನಾಮ ಇಟ್ಟು, ಚೊಂಬು ಹಿಡಿದು, ಬರಿಗಾಲಲ್ಲಿ ನಾಲ್ಕು ಮನೆ ಪಡಿ ಬೇಡಿ ತರಬೇಕು. ಬೇಡಿ ತಂದ ಅಕ್ಕಿ ಬೆರೆಸಿಯೇ ದೇವರಿಗೆ ಎಡೆ. ಗೋವಿಂದಾ ಅಂತ ಬಾಗಿಲಿಗೆ ಬಂದವರು ಆ ದಿನದ ಮಟ್ಟಿಗೆ ತಿಮ್ಮಪ್ಪನೇ. ಬರಿಗೈಲಿ ಕಳಿಸಿದರೆ ಮನೆಗೆ ಒಳ್ಳೆಯದಲ್ಲ.

ಮುನಿಲಕ್ಷ್ಮಿ ಅಂಗಳದಲ್ಲಿ ರಂಗೋಲಿ ಮುಗಿಸಿ ತಲೆಯೆತ್ತಿದಳು. ಎದುರುಮನೆ ಅಮ್ಮಾಜಮ್ಮನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಊರಿನಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ, ಚೊಂಬು ಚಾಚಿ, ಬಗ್ಗಿ, "ವೆಂಕಟರಮಣ ಗೋವಿಂದಾ ಗೋವಿಂದ," ಅನ್ನುತ್ತಿದ್ದರು. ಅಮ್ಮಾಜಮ್ಮ ಒಂದು ಹಿಡಿ ಅಕ್ಕಿ ಹಾಕಿದಳು, ಅಪ್ಪ ಕಣ್ಣಿಗೊತ್ತಿಕೊಂಡರು. ಅಪ್ಪನೂ ಕೇಳುತ್ತಾರೆ! ಅಷ್ಟೆಲ್ಲ ಇದ್ದೂ ಕೇಳುತ್ತಾರೆ, ಯಾರೂ ಅದನ್ನು ದುರಾಸೆ ಅನ್ನುವುದಿಲ್ಲ. ತಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೀನಾ ಅಂತ ಅವಳು ಯೋಚಿಸಿದಳು. ನೆನಪಾಗಲಿಲ್ಲ.

ಅವಳು ಎದ್ದು ದೇವರ ಮನೆಗೆ ಹೋದಳು. ಇನ್ನೊಂದು ಚೊಂಬು ತೆಗೆದಳು, ಕನ್ನಡಿಯಲ್ಲಿ ನೋಡಿಕೊಂಡು ನಾಮ ಇಟ್ಟುಕೊಂಡಳು. ಅಭ್ಯಾಸವಿಲ್ಲದ ಕೈ, ನಾಮ ಸ್ವಲ್ಪ ಸೊಟ್ಟಗಾಯಿತು. ಹಿತ್ತಲ ಬಾಗಿಲಿಂದ ಹೊರಟು, ಮನೆ ಸುತ್ತಿ ಬೀದಿಗೆ ಬಂದು, ತನ್ನದೇ ಮನೆಯ ಗೇಟಿನ ಮುಂದೆ ನಿಂತಳು.

"ವೆಂಕಟರಮಣ ಗೋವಿಂದಾ ಗೋವಿಂದ!"

ಸುಬ್ಬಲಕ್ಷ್ಮಮ್ಮ ಮೊರದಲ್ಲಿ ಅಕ್ಕಿ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯೋ ನನ್ ಕರ್ಮವೇ! ಇದೇನೇ ಲಕ್ಷ್ಮೀ?"

ಆಗ ತಾನೇ ಚೊಂಬು ಹಿಡಿದು ಗೇಟಿಗೆ ಬಂದ ಸುಬ್ಬರಾಯಪ್ಪನವರೂ ನೋಡಿದರು. "ಏನ್ ನಾಟ್ಕ ಇದು? ಬೀದಿ ಜನ ನೋಡ್ತಾವ್ರೆ. ಒಳೀಕ್ ನಡಿ."

"ಒಳಗಿದ್ದು ಕೇಳೋಕಾಗ್ಲಿಲ್ಲ ಅಪ್ಪಾ. ಅದಕ್ಕೇ ಈಚೆ ಬಂದು ಕೇಳ್ತಾ ಇದೀನಿ."

"ಏನ್ ಕಮ್ಮಿ ಮಾಡಿದೀವಿ ನಿಂಗೆ? ಉಣ್ಣೋಕಿಲ್ವಾ, ಉಡೋಕಿಲ್ವಾ?"

"ಎಲ್ಲಾ ಐತೆ. ನಾನೇ ಇಲ್ಲ." ಅವಳು ಚೊಂಬು ಮುಂದೆ ಚಾಚಿದಳು. "ನಿಮ್ಮ ಮಗಳ್ನ ನಿಮ್ಮ ಅತ್ರಾನೇ ಇಟ್ಕೊಂಡಿದೀರ. ನನ್ನ ನಂಗೆ ಕೊಡಪ್ಪಾ. ಗೋವಿಂದಾ ಅಂತ ಬೇಡ್ತಾ ಇದೀನಿ."

ಸುಬ್ಬರಾಯಪ್ಪನವರ ಮುಖ ಕೆಂಪಾಯಿತು. ಬಾಯಿ ತೆರೆದರು, ಅಷ್ಟರಲ್ಲಿ ಎದುರು ಜಗಲಿಯಿಂದ ಅಮ್ಮಾಜಮ್ಮನ ದನಿ ಬಂತು. ಎಂಬತ್ತು ದಾಟಿದ ಮುದುಕಿ, ಊರಿಗೆಲ್ಲ ಹಿರಿಯಳು, ಅವಳ ಬಾಯಿಗೆ ಬೇಲಿಯಿಲ್ಲ.

"ಏನ್ಲಾ ಸುಬ್ರಾಯ, ಈಗ್ತಾನೆ ನನ್ ಬಾಗ್ಲಲ್ಲಿ ಇಸ್ಕೊಂಡ್ ಓದೆ. ನಾನೇನ್ ನಿನ್ನ ನಿಲ್ಸಿ ಪಂಚಾಯ್ತಿ ಮಾಡಿದ್ನಾ? ಶನಿವಾರದ ದಿನ ಗೋವಿಂದನ್ನ ಬರೀ ಚೊಂಬಲ್ಲಿ ಕಳಿಸ್ತೀಯೇನ್ಲಾ?"

ಸುಬ್ಬರಾಯಪ್ಪನವರು ಮಗಳ ಕಡೆ ನೋಡಿದರು. ಸೊಟ್ಟ ನಾಮ, ಒಣಗಿದ ತುಟಿ. "ಯಾರಾದ್ರೂ ಅವ್ರಾ?" ಅಂದರು, ದನಿ ತಗ್ಗಿಸಿ.

"ಉರಿಗಾಂನಲ್ಲಿ. ಇಂಗ್ಲಿಷ್ ಮೇಷ್ಟ್ರು. ಜಮೀನು ಬೇಡ, ಬೋರ್ ಬೇಡ."

"ಏನೂ ಬೇಡ ಅನ್ನೋನ್ನ ನಂಬಬಾರ್ದು."

"ನಾನು ಬೇಕಂತೆ. ಆದ್ರೆ ಇಲ್ಲಿ ಬಂದು ಕೇಳೋಕೆ ಭಯ."

"ಅಂಬರೀಶ್ ಮನೆಯೋರ್ಗೆ ಏನಂತ ಏಳ್ಲಿ ನಾನು?"

"ಬೋರಲ್ಲಿ ನೀರು ಬತ್ತೋಯ್ತು ಅನ್ನಿ. ತಿರುಗಿ ಕೂಡ ನೋಡಲ್ಲ."

ಅಮ್ಮಾಜಮ್ಮ ಬೊಚ್ಚು ಬಾಯಿ ಬಿಟ್ಟು ನಕ್ಕಳು. ಸುಬ್ಬರಾಯಪ್ಪನವರು ನಗಲಿಲ್ಲ, ಆದರೆ ಆ ಮಾತು ನಿಜ ಅಂತ ಅವರಿಗೂ ಗೊತ್ತಿತ್ತು. ಎಷ್ಟೋ ದಿನದಿಂದ ಗೊತ್ತಿತ್ತು. ಹೆಂಡತಿಯ ಮೊರದ ಕಡೆ ಅವರು ನೋಡಲಿಲ್ಲ. ತಮ್ಮ ಚೊಂಬಿನಲ್ಲಿ ಬೇಡಿ ತಂದಿದ್ದ ಅಕ್ಕಿಯನ್ನೇ ಮಗಳ ಚೊಂಬಿಗೆ ಬಗ್ಗಿಸಿದರು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು.

"ಸೋಮವಾರದ್ದು ಬೇಡ ಅಂತೀನಿ. ಅಷ್ಟೇ," ಅಂದರು. "ಊಂ ಅಂತ ಅಂದಿಲ್ಲ ನಾನು. ಓಗೋದಾದ್ರೆ ಓಗು, ಒತ್ತು ಮುಳುಗೋದ್ರೊಳ್ಗೆ ಮನೇಗ್ ಬಾ. ನೀನು ಬರೋಗಂಟ ನಾನು ಒಪ್ಪೊತ್ತು ಬಿಡಾಕಿಲ್ಲ."

ಚೊಂಬು ಎದೆಗವಚಿಕೊಂಡು ಅವಳು ಬಸ್ಸು ಹತ್ತಿದಳು. ಕಂಡಕ್ಟರ್ ಫ್ರೀ ಟಿಕೆಟಿಗೆ ಆಧಾರ್ ಕಾರ್ಡ್ ಕೇಳಿದ. ಎಲ್ಲಿ ತಂದಿದ್ದಳು! ಅವನು ಅವಳ ಹಣೆ ನೋಡಿ, ಚೊಂಬು ನೋಡಿ, "ತಿಮ್ಮಪ್ಪಂಗೇನ್ ಆಧಾರ್ ಕೇಳೋದು, ಕೂತ್ಕೊಳಮ್ಮ," ಅಂದು ಟಿಕೆಟ್ ಹರಿದುಕೊಟ್ಟ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಉರಿಗಾಂನ ಹಳೇ ಕಾರ್ಮಿಕರ ಲೈನಿನಲ್ಲಿ, ತಗಡಿನ ಮಾಡಿನ ಮನೆಯ ಮುಂದೆ ಬೈರೇಶ್ ಕೂತಿದ್ದ. ಮುಖಕ್ಷೌರ ಮಾಡಿ ಎಷ್ಟು ದಿನವಾಗಿತ್ತೋ. ಅವನ ಅಪ್ಪ ವೆಂಕಟೇಶಪ್ಪ ಬಾಗಿಲ ಬಳಿ ಅಲಸಂದೆಕಾಯಿ ಸುಲಿಯುತ್ತಿದ್ದ. ಗೋವಿಂದಾ ಅನ್ನುವ ದನಿ ಕೇಳಿ ಇಬ್ಬರೂ ತಲೆಯೆತ್ತಿದರು.

"ಬೇಡೋಕೆ ಬಂದಿಲ್ಲ," ಅಂದಳು ಮುನಿಲಕ್ಷ್ಮಿ, ಏದುಸಿರಿನಲ್ಲಿ. "ಬೇಡಿ ಆಯ್ತು. ಸೋಮವಾರದ ತಾಂಬೂಲ ನಿಂತೋಯ್ತು. ಇದು ನಮ್ಮಪ್ಪ ಮನೆಮನೆ ಬೇಡಿ ತಂದಿದ್ದ ಅಕ್ಕಿ, ನಮ್ಮ ಹೊಲದ್ದಲ್ಲ. ಇದನ್ನೂ ಮುಟ್ಟಲ್ವಾ ಸಾರ್?"

ಬೈರೇಶ್ ಎದ್ದು ನಿಂತ. ವೆಂಕಟೇಶಪ್ಪ ಮಗನನ್ನೂ ಹುಡುಗಿಯನ್ನೂ ನೋಡಿ, ಬಾಗಿಲ ಬಳಿಯ ಅಲಸಂದೆಕಾಯಿ ಬುಟ್ಟಿ ಪಕ್ಕಕ್ಕಿಟ್ಟ.

"ನನ್ ಎಸ್ರೇಳಿ ಆಣೆ ಮಾಡಿದೀಯಂತೆ, ನನ್ನ ಕೇಳಿದ್ಯೇನ್ಲಾ?" ಅಂದ. "ಆ ಮನೆ ಅನ್ನ ಕಹಿ ಇರ್ಲಿಲ್ಲ ಕಣ್ಲಾ, ಬಡಿಸೋರ ಕೈ ಕಹಿ ಇತ್ತು. ನಿಮ್ಮಮ್ಮ ಬಡಿಸಿದ ದಿನ ನಾನು ಒಟ್ಟೆ ತುಂಬ ಉಂಡಿದೀನಿ. ಉರಿಗಾಂಗೂ ಬೇತಮಂಗ್ಲಕ್ಕೂ ಏನ್ ಸಮುದ್ರ ಐತಾ ನಡುವೆ? ನಾಲ್ಕು ದಿನ ಅಲ್ಲಿರಿ, ನಾಲ್ಕು ದಿನ ಇಲ್ಲಿರಿ. ಓಗು, ಮೊದ್ಲು ಅವರಪ್ಪನ ಮುಂದೆ ನಿಂತ್ಕೊ."

ಬೈರೇಶ್ ಅವಳ ಹತ್ತಿರ ಬಂದ. "ಮಾನ ಮಾನ ಅಂತ ಕೂತೆ ನಾನು, ಲಕ್ಷ್ಮಿ. ಅದೂ ಒಂದು ದುರಾಸೆನೇ. ಆವತ್ತು ನೀನು ತಿರುವಿನವರೆಗೂ ನಿಧಾನಕ್ಕೆ ನಡೆದೆ. ನೋಡಿದೆ. ಕರೀಲಿಲ್ಲ." ಅವನ ಕಣ್ಣು ಒದ್ದೆಯಾಗಿತ್ತು. "ನೀನು ಬೇಕು ನನಗೆ. ನೀನಿಲ್ಲದೆ ಆಗಲ್ಲ."

ಅವಳು ತನ್ನ ಹಣೆಯ ಬೆವರಿಗೆ ನೆನೆದ ನಾಮದ ಮೇಲೆ ಬೆರಳೊತ್ತಿ, ಆ ಬೆರಳಿಂದ ಅವನ ಹಣೆಗೆ ಎಳೆದಳು. ಮೊದಲ ಸಲ ಅವನನ್ನು ಮುಟ್ಟಿದ್ದು. ಅವನು ಕಣ್ಣು ಮುಚ್ಚಿಕೊಂಡ. ಮಾಸಿದ ನಾಮ, ಅರ್ಧವೇ ಬಂತು.

"ಚೆನ್ನಾಗ್ ಕಾಣ್ತೀರ," ಅಂದಳು. "ಬನ್ನಿ, ಬಸ್ ಹೋಗ್ಬಿಡುತ್ತೆ." ಚೊಂಬಿನ ಅರ್ಧ ಅಕ್ಕಿಯನ್ನು ವೆಂಕಟೇಶಪ್ಪನ ಪಾತ್ರೆಗೆ ಸುರಿದಳು. "ನೀವೂ ಬನ್ನಿ ಮಾವ."

"ನಾಳೆ ಬತ್ತೀನಮ್ಮ. ಇವತ್ತು ಅವನೊಬ್ಬನೇ ಓಗ್ಲಿ." ಮಾವ ಅಂದದ್ದು ಕೇಳಿಸಿತು ಅಂತ ವೆಂಕಟೇಶಪ್ಪನ ಮುಖವೇ ಹೇಳುತ್ತಿತ್ತು.

ಬೇತಮಂಗಲ ಸೇರುವಾಗ ಕೆರೆಯ ಮೇಲೆ ಬಿಸಿಲು ಕೆಂಪಗಾಗಿತ್ತು. ಸುಬ್ಬರಾಯಪ್ಪನವರು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಮಗಳು ಗೇಟಿನಲ್ಲಿ ಕಂಡಳು, ಅವರ ಭುಜ ಇಳಿಯಿತು. ಹಿಂದೆ ಬಂದವನು ಕಂಡ, ಮತ್ತೆ ಬಿಗಿಯಿತು.

ಬೈರೇಶ್ ಚಪ್ಪಲಿ ಗೇಟಿನಾಚೆ ಬಿಟ್ಟು ಅಂಗಳದಲ್ಲಿ ನಿಂತು ಕೈಮುಗಿದ.

"ಏನ್ ಬೇಕಪ್ಪ?" ಅಂದರು.

"ನಿಮ್ಮ ಮಗಳು ಬೇಕು."

"ಅದ್ಬುಟ್ಟು?"

ಬೈರೇಶ್ ಮುನಿಲಕ್ಷ್ಮಿಯ ಕಡೆ ನೋಡಿದ. "ಅದು ಬಿಟ್ಟು... ಊಟ ಬೇಕಿತ್ತು. ಮೂರು ದಿನದಿಂದ ಸರಿಯಾಗಿ ತಿಂದಿಲ್ಲ. ತುಂಬಾ ಹಸಿವಾಗಿದೆ."

ಸುಬ್ಬರಾಯಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಷ್ಟು ವರ್ಷದಲ್ಲಿ ಆ ಅಂಗಳಕ್ಕೆ ಬಂದ ಯಾವ ಗಂಡೂ ಹಾಗೆ ಕೇಳಿರಲಿಲ್ಲ. ಮೊಣಕಾಲು ಹಿಡಿದು ಎದ್ದರು.

"ಕೈ ತೊಳ್ಕಳಿ," ಅಂದರು.

ದೇವರ ಮುಂದೆ ಎಡೆಯಾಗಿ, ನಡುಮನೆಯಲ್ಲಿ ಬಾಳೆಲೆ ಬಿತ್ತು. ಅಭ್ಯಾಸದಂತೆ ಬಡಿಸಲು ಹೊರಟ ಮುನಿಲಕ್ಷ್ಮಿಯ ಕೈಯಿಂದ ಸೌಟು ತೆಗೆದುಕೊಂಡ ಸುಬ್ಬಲಕ್ಷ್ಮಮ್ಮ, "ಕೂತ್ಕೊ ನೀನೂ, ಬೆಳಿಗ್ಗೆಯಿಂದ ಬಿಸ್ಲಲ್ಲಿ ಅಲ್ದಿದೀಯ," ಅಂದರು. ಅವಳು ಬೈರೇಶನ ಪಕ್ಕದ ಎಲೆಗೆ ಕೂತಳು. ಅವನು ಮೊದಲ ತುತ್ತು ಕಲಸಿದ. ಕೈ ಅಲ್ಲೇ ನಿಂತಿತು. ಅವಳು ನೋಡದವಳಂತೆ ನೋಡುತ್ತಿದ್ದಳು. ಅವನು ಬಾಯಿಗಿಟ್ಟ, ನುಂಗಿದ, ಎರಡನೇ ತುತ್ತಿಗೆ ಕೈ ಹಾಕಿದ. ಎಲೆ ಅರ್ಧ ಖಾಲಿಯಾಗುವ ಮೊದಲೇ ಸುಬ್ಬಲಕ್ಷ್ಮಮ್ಮ ಕೇಳದೇನೇ ಇನ್ನೊಂದು ಸೌಟು ಅನ್ನ ಹಾಕಿದರು. ಬೈರೇಶ್ ತಲೆ ತಗ್ಗಿಸಿದ. ಕಣ್ಣೊರೆಸಿಕೊಳ್ಳಲು ಎಡಗೈ ಮಾತ್ರ ಬಿಡುವಾಗಿತ್ತು.

ಆಮೇಲೆ ಮುನಿಲಕ್ಷ್ಮಿ ಊಟಕ್ಕೆ ಕೈಯಿಟ್ಟಳು. ಅಯ್ಯೋ, ಎಷ್ಟು ಹಸಿದಿದ್ದಳು! ದೊಡ್ಡ ದೊಡ್ಡ ತುತ್ತು, ಅಗಿಯಲೂ ಪುರುಸೊತ್ತಿಲ್ಲ, ಸಾರು ಮೊಣಕೈವರೆಗೂ ಇಳಿಯುತ್ತಿದೆ, ಕಣ್ಣಲ್ಲಿ ನೀರು ಬೇರೆ. ಬಿಕ್ಕಳಿಕೆ ಬಂತು. ಸುಬ್ಬರಾಯಪ್ಪನವರು ತಮ್ಮ ನೀರಿನ ಲೋಟವನ್ನು ಮಗಳ ಎಲೆಯ ಪಕ್ಕಕ್ಕೆ ಸರಿಸಿದರು.

"ನಿಧಾನುಕ್ ಉಣ್ಣಮ್ಮ," ಅಂದರು. "ಯಾರೂ ಕಿತ್ಕಳಲ್ಲ."